ಮಳೆ ಎಷ್ಟು ಬಿತ್ತು ಗೊತ್ತು, ಆಮೇಲೇನಾಯ್ತು?

ಪ್ರಾಜೆಕ್ಟ್ ಟೈಟಲ್ ಕೊಡುವ ಕಾಲ ಬಂತೆಂದರೆ ಸಿವಿಲ್‌ನವರು, ಎನ್ವಿರಾನ್‌ಮೆಂಟಲ್‌ನವರು, ಈಗೀಗ ಕಂಪ್ಯೂಟರ್ ಸೈನ್ಸ್‌ನವರೂ ಸೇರಿ ಎಲ್ಲರ ಬಾಯಲ್ಲೂ 'ಕ್ಲೈಮೇಟ್' ಅನ್ನೋ ಪದ. ಅರ್ಬನ್ ಫ್ಲಡ್, ಅರ್ಬನ್ ಹೀಟ್ ಐಲ್ಯಾಂಡ್, ಸ್ಮಾರ್ಟ್ ಡ್ರೈನೇಜ್. 'ಸ್ಟಡಿ ಏರಿಯಾ' ಅಂತ ಬರೆಯುವ ಜಾಗದಲ್ಲಿ ಹೆಚ್ಚಿನವರದ್ದು ಒಂದೇ ಹೆಸರು, ಬೆಂಗಳೂರು. ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ಹಳ್ಳಿ, ಹೋಬಳಿ, ತಾಲ್ಲೂಕು ಕೇಂದ್ರಗಳಿಂದ ಬಂದವರು. ರಜೆಗೆ ಊರಿಗೆ ಹೋದರೆ ಈ ಸಲ ಮಳೆ ಕೈಕೊಟ್ಟಿತು, ಕೆರೆ ಕೋಡಿ ಬಿತ್ತು, ಅಡಿಕೆಗೆ ಕೊಳೆ ಬಂತು ಅನ್ನೋ ಮಾತೇ ಮನೆಯಲ್ಲಿ. ಕಾಲೇಜಿಗೆ ವಾಪಸ್ ಬಂದು ಲ್ಯಾಪ್‌ಟಾಪ್ ತೆಗೆದ ಕೂಡಲೇ ಬೆಳ್ಳಂದೂರು!

ಬೆಂಗಳೂರಿನ ಮೇಲೆ ಸಿಟ್ಟಿಲ್ಲ. ಆದರೆ ಹವಾಮಾನದ ಅಪಾಯ ಅಂದರೆ ಊರಿನ ರಸ್ತೆ ಮುಳುಗೋದು ಅನ್ನುವಷ್ಟಕ್ಕೆ ನಮ್ಮ ಕಲ್ಪನೆ ನಿಂತಿದೆಯಲ್ಲ, ಅದು ಸರಿಯಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನೇ, ಅದರಲ್ಲೂ ತೊಗರ್ಸಿಯ ಸುತ್ತಲಿನ ಸೀಮೆಯನ್ನು ಇಟ್ಟುಕೊಂಡು ಹೇಳುತ್ತೇನೆ. ಅಲ್ಲಿ ಕೊರತೆ ಇರುವುದು ಮಳೆಯ ಡೇಟಾದ್ದಲ್ಲ. ಮಳೆ ನೆಲಕ್ಕೆ ಬಿದ್ದ ಮೇಲೆ ಏನಾಗುತ್ತದೆ ಅನ್ನುವುದನ್ನು ಕ್ರಮವಾಗಿ ಅಳೆಯುವ ಕೆಲಸದ್ದು. ಆ ಕೆಲಸಕ್ಕೆ ಪಿಎಚ್‌ಡಿ ಬೇಕಿಲ್ಲ, ದೊಡ್ಡ ಗ್ರಾಂಟ್ ಬೇಕಿಲ್ಲ. ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಮಳೆಗಾಲ ಸಾಕು.

ಮೊದಲು ಬೆಂಗಳೂರಿನ ಕಡೆಗೇ ನೋಡೋಣ. 2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ ನೆನಪಿರಬೇಕು. ಸೆಪ್ಟೆಂಬರ್ 4ರ ರಾತ್ರಿ ಸುಮಾರು 130 ಮಿ.ಮೀ. ಮಳೆ ಸುರಿದು ಹೊರವರ್ತುಲ ರಸ್ತೆ ಕೆರೆಯಾಯ್ತು. ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋಗಳು ದೇಶವೆಲ್ಲ ಓಡಾಡಿದವು. (ಆ ವಾರದ ಅತ್ಯುತ್ತಮ ಡಿಸಾಸ್ಟರ್ ಟೆಕ್ನಾಲಜಿ ಟ್ರ್ಯಾಕ್ಟರೇ ಅನ್ನೋದನ್ನ ಯಾರೂ ಪೇಪರ್‌ನಲ್ಲಿ ಬರೆದಂತೆ ಕಾಣೆ.) ಆಗಸ್ಟ್ 30ರ ಒಂದು ದಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡದ್ದರಿಂದಲೇ 225 ಕೋಟಿ ರೂಪಾಯಿ ನಷ್ಟ ಅಂತ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಒಂದು ದಿನದ ನಷ್ಟಕ್ಕೆ ಕೆಲವೇ ದಿನಗಳಲ್ಲಿ ಒಂದು ಸಂಖ್ಯೆ ಸಿಕ್ಕಿಬಿಟ್ಟಿತು. ಅದಕ್ಕೂ ಮೊದಲೇ ಬೆಂಗಳೂರಿಗೆ ಐಐಎಸ್‌ಸಿ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ನೆರೆ ಮುನ್ಸೂಚನೆಯ ಮಾಡೆಲ್ ಕಟ್ಟಿದ್ದವು, 'ಮೇಘಸಂದೇಶ' ಅನ್ನೋ ಆ್ಯಪ್ ಇತ್ತು. ಟಿ.ವಿ. ರಾಮಚಂದ್ರ ಅವರ ತಂಡ ನಗರದ ಕೆರೆಗಳೂ ಹಸಿರೂ ಹೇಗೆ ಕರಗಿದವು ಅಂತ 1970ರ ದಶಕದಿಂದ ಈಚಿನ ಉಪಗ್ರಹ ಚಿತ್ರಗಳನ್ನಿಟ್ಟು ಲೆಕ್ಕ ಹಾಕಿದೆ. ಒಳ್ಳೆಯ ಕೆಲಸವೇ. ಆ ಊರಿನ ಬಗ್ಗೆ ಪ್ರಾಜೆಕ್ಟ್ ಮಾಡುವವರಿಗೆ ಇದೆಲ್ಲ ಸಿದ್ಧ ಅಡುಗೆ, ಬಡಿಸಿಕೊಂಡರಾಯ್ತು.

ಈಗ ತೊಗರ್ಸಿ ಕಡೆ ಬನ್ನಿ. ಶಿರಾಳಕೊಪ್ಪದ ಹತ್ತಿರದ ಊರು. ಮಲ್ಲಿಕಾರ್ಜುನ ದೇವಸ್ಥಾನದಿಂದ ಆ ಭಾಗದಲ್ಲಿ ಹೆಸರಾಗಿದೆ. ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ, ಅರೆಮಲೆನಾಡು. ಇದೇ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಸುರಿಯುತ್ತದೆ, ಶಿಕಾರಿಪುರದ ಕಡೆ ಬರುವಷ್ಟರಲ್ಲಿ ಅದು ಒಂದು ಸಾವಿರದ ಹತ್ತಿರಕ್ಕೆ ಇಳಿದಿರುತ್ತದೆ. ಒಂದೇ ಜಿಲ್ಲೆ, ಏಳು ಪಟ್ಟು ವ್ಯತ್ಯಾಸ. 'ಜಿಲ್ಲೆಯ ಸರಾಸರಿ' ಅನ್ನುವ ಸಂಖ್ಯೆ ಇಲ್ಲಿ ಯಾರ ಹೊಲದ ಕಥೆಯನ್ನೂ ಹೇಳಲ್ಲ. ನಾವು ಪ್ರಾಜೆಕ್ಟ್‌ಗೆ ಕಣ್ಣುಮುಚ್ಚಿ ಡೌನ್‌ಲೋಡ್ ಮಾಡುವ ಹವಾಮಾನ ಇಲಾಖೆಯ ಗ್ರಿಡ್ ಡೇಟಾ ಇದೆಯಲ್ಲ, ಅದರ ಒಂದು ಚೌಕ 0.25 ಡಿಗ್ರಿ, ಅಂದರೆ ಹೆಚ್ಚುಕಡಿಮೆ 27 ಕಿ.ಮೀ. ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿ ಇಷ್ಟು ದೊಡ್ಡ ಚೌಕ ಹಾಕಿದರೆ ಗದ್ದೆಯೂ ಅದರೊಳಗೇ, ಗೋವಿನಜೋಳದ ಒಣ ಹೊಲವೂ ಅದರೊಳಗೇ.

ಹಾಗಾದರೆ ಹಳ್ಳಿಗೆ ಡೇಟಾ ಇಲ್ವಾ ಅಂದರೆ, ಇದೆ. ಈ ವಿಷಯದಲ್ಲಿ ಕರ್ನಾಟಕ ಬೇರೆ ರಾಜ್ಯಗಳಿಗಿಂತ ಮುಂದೆ. ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕ ಹಾಕಿದೆ, ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. 'ವರುಣಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನ ಮಳೆ ಮುನ್ಸೂಚನೆ ಹೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪಂಚಾಯಿತಿ ಮಟ್ಟದ ಹವಾಮಾನ ಮುನ್ಸೂಚನೆ ಶುರು ಮಾಡಿತು. 2025ರ ಮೇ ತಿಂಗಳಲ್ಲಿ 6 ಕಿ.ಮೀ. ಗ್ರಿಡ್‌ನ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಬಂತು. ಅಂದರೆ ಆಕಾಶದ ಕಡೆಯ ಲೆಕ್ಕ ಹಳ್ಳಿಯ ಬಾಗಿಲಿಗೆ ಬಂದಾಗಿದೆ.

ಆಕಾಶದ್ದಾಯ್ತು, ನೆಲದ್ದು?

ಅಳತೆ ಅನ್ನೋದು ಹಳ್ಳಿಯಲ್ಲಿ ಬರೀ ವಿಜ್ಞಾನವಲ್ಲ, ದುಡ್ಡು. ಬೆಳೆ ಹಾಳಾದರೆ ವಿಪತ್ತು ಪರಿಹಾರ ನಿಧಿಯಿಂದ ಸಿಗೋದು ಹೆಕ್ಟೇರಿಗೆ ಇಂತಿಷ್ಟು ಅಂತ. 2022ರಿಂದ 26ರವರೆಗಿನ ಕೇಂದ್ರದ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ ಎರಡು ಹೆಕ್ಟೇರ್ ಮೀರುವಂತಿಲ್ಲ, ಬೆಳೆ ಶೇ. 33ಕ್ಕಿಂತ ಕಡಿಮೆ ಹೋಗಿದ್ದರೆ ಇಲ್ಲ. ಒಂದು ಕಡೆ ಒಂದು ದಿನದ ಟ್ರಾಫಿಕ್‌ಗೆ 225 ಕೋಟಿಯ ಲೆಕ್ಕ, ಇನ್ನೊಂದು ಕಡೆ ಒಂದು ವರ್ಷದ ಬೆಳೆಗೆ ಎಂಟೂವರೆ ಸಾವಿರ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗೋದು ನ್ಯಾಯವಲ್ಲ, ಒಂದು ನಷ್ಟದ ಅಂದಾಜು, ಇನ್ನೊಂದು ಪರಿಹಾರ. ಆದರೂ ನಗರದವರು ತಮ್ಮ ನಷ್ಟವನ್ನು ತಾವೇ ಲೆಕ್ಕ ಹಾಕಿ ಹೇಳಬಲ್ಲರು, ಹಳ್ಳಿಯವರ ನಷ್ಟವನ್ನು ಬೇರೆ ಯಾರೋ ಬಂದು ಹೇಳಬೇಕು ಅನ್ನೋದಂತೂ ನಿಜ.

ವಿಮೆಯದ್ದೂ ಅದೇ ಕಥೆ. ಅಡಿಕೆ, ಕಾಳುಮೆಣಸಿಗೆ ಇರೋದು ಹವಾಮಾನ ಆಧಾರಿತ ಬೆಳೆ ವಿಮೆ. ಅಲ್ಲಿ ತೋಟಕ್ಕೆ ಬಂದು ಯಾರೂ ಕೊಳೆ ರೋಗ ನೋಡಲ್ಲ. ಪಂಚಾಯಿತಿಯ ಮಳೆಮಾಪಕ ಏನು ಹೇಳಿತೋ ಅದರ ಮೇಲೆ ಹಣ. ಆ ಯಂತ್ರದೊಳಗೆ ಇರೋದು ನಾವು ಹೈಡ್ರಾಲಜಿ ಕ್ಲಾಸಿನಲ್ಲಿ ಓದಿದ ಟಿಪ್ಪಿಂಗ್ ಬಕೆಟ್. ಒಂದು ಎಲೆ ಬಿದ್ದು ಕೊಳವೆ ಕಟ್ಟಿದರೆ, ಹಕ್ಕಿ ಹಿಕ್ಕೆ ಹಾಕಿದರೆ, ಬ್ಯಾಟರಿ ಸತ್ತರೆ ಮಳೆ 'ಬರಲಿಲ್ಲ' ಅಂತ ಲೆಕ್ಕ. ಯಂತ್ರ ಕೆಟ್ಟು ನಿಂತಿದ್ದರಿಂದ ವಿಮೆ ಹಣ ಏರುಪೇರಾಯ್ತು ಅಂತ ಮಲೆನಾಡಿನ ರೈತರು ದೂರಿದ್ದೂ ಉಂಟು. ಯಂತ್ರ ಸರಿಯಿದ್ದರೂ ಒಂದು ಪಂಚಾಯಿತಿಯಲ್ಲಿ ಹಲವು ಹಳ್ಳಿ, ಯಂತ್ರ ಒಂದು. ಮುಂಗಾರಿಗೆ ಮುಂಚಿನ ಗುಡುಗು ಮಳೆ ರಸ್ತೆಯ ಈಚೆ ಹೊಡೆದು ಆಚೆ ಬಿಡುವ ಸೀಮೆ ಅದು. ಪಕ್ಕದ ಹಳ್ಳಿಯಲ್ಲಿ ಇನ್ನೊಂದು ಸಾದಾ ಮಳೆಮಾಪಕ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಓದಿ ಬರೆದುಕೊಂಡು ಎರಡನ್ನೂ ಹೋಲಿಸಿದರೆ ಎಷ್ಟು ಅಂತರ ಬರುತ್ತದೆ? ಈ ಪ್ರಶ್ನೆ ಎಷ್ಟು ಸಣ್ಣದು ನೋಡಿ. ಉತ್ತರ ಮಾತ್ರ ಒಂದು ಊರಿನ ಅಡಿಕೆ ಬೆಳೆಗಾರರಿಗೆಲ್ಲ ಬೇಕು.

ಬರದ ವಿಷಯ ಇನ್ನೂ ಸ್ವಾರಸ್ಯ. 2023ರ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ ಕೊನೆಗೆ 223 ಬರಪೀಡಿತ ಅಂತ ಘೋಷಣೆಯಾದವು. ಆದರೆ ಬರ ಅಂತ ಘೋಷಿಸಬೇಕಾದರೆ 2016ರ ಬರ ನಿರ್ವಹಣಾ ಕೈಪಿಡಿಯ ಮೆಟ್ಟಿಲುಗಳನ್ನು ಹತ್ತಬೇಕು. ಮೊದಲು ಮಳೆ ಕೊರತೆ ಅಥವಾ ಮೂರು-ನಾಲ್ಕು ವಾರದ ಒಣ ಅವಧಿ. ಆಮೇಲೆ ಬಿತ್ತನೆ, ಮಣ್ಣಿನ ತೇವ, ಉಪಗ್ರಹದಿಂದ ನೋಡಿದ ಹಸಿರಿನ ಸೂಚ್ಯಂಕ. ಕೊನೆಗೆ ಶೇ. 10ರಷ್ಟು ಹಳ್ಳಿಗಳಿಗೆ ಹೋಗಿ ಕಣ್ಣಾರೆ ನೋಡೋದು. ಆ ವರ್ಷ ಮಂತ್ರಿಗಳ ಬಾಯಲ್ಲಿ 'ಹಸಿರು ಬರ' ಅನ್ನೋ ಮಾತು ಬಂದದ್ದು ಇದೇ ಕಾರಣಕ್ಕೆ. ಹೊಲ ಹಸಿರಾಗಿ ಕಾಣುತ್ತೆ, ತೆನೆಯಲ್ಲಿ ಕಾಳಿಲ್ಲ.

ರಿಮೋಟ್ ಸೆನ್ಸಿಂಗ್ ಎಲೆಕ್ಟಿವ್ ತಗೊಂಡವರು ಒಂದು ನಿಮಿಷ ಇಲ್ಲಿ ನಿಲ್ಲಿ. ಗೋವಿನಜೋಳಕ್ಕೆ ಹೂ-ತೆನೆ ಬಿಡುವ ಹೊತ್ತಿನ ಎರಡು ವಾರ ಜೀವ-ಮರಣದ ಪ್ರಶ್ನೆ. ಆಗ ನೀರಿಲ್ಲದಿದ್ದರೆ ಗಿಡ ನಿಂತಿರುತ್ತೆ, ಎಲೆ ಹಸಿರಾಗಿರುತ್ತೆ, ಕಾಳು ಕಟ್ಟಲ್ಲ. ಎನ್‌ಡಿವಿಐ ಅಳೆಯೋದು ಎಲೆಯನ್ನು, ಕಾಳನ್ನಲ್ಲ. ಅದರ ಮೇಲೆ ಶಿಕಾರಿಪುರ-ಸೊರಬದಲ್ಲಿ ಹೊಲದ ಪಕ್ಕದಲ್ಲೇ ಅಡಿಕೆ ತೋಟ, ಅದರಾಚೆ ಅಕೇಶಿಯಾ ನೆಡುತೋಪು. ಎರಡೂ ವರ್ಷವಿಡೀ ಹಸಿರು. ದೊಡ್ಡ ಪಿಕ್ಸೆಲ್‌ನಲ್ಲಿ ಇವೆಲ್ಲ ಕಲಸಿಹೋದರೆ ಉಪಗ್ರಹಕ್ಕೆ ಕಾಣೋದು ಸಮೃದ್ಧಿ! ಕೇಂದ್ರ-ರಾಜ್ಯಗಳ ನಡುವೆ ಆ ವರ್ಷದ ಪರಿಹಾರದ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ರಾಜ್ಯ ಕೇಳಿದ್ದು 18,171 ಕೋಟಿ, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಯಾರು ಸರಿ ಅನ್ನೋ ರಾಜಕೀಯ ನನಗೆ ಇಲ್ಲಿ ಬೇಡ. ಆದರೆ ಇಂಥ ಜಗಳದಲ್ಲಿ ಒಂದು ತಾಲ್ಲೂಕಿನ ಹೊಲಗಳನ್ನು ವಾರವಾರ ನೋಡಿ ಬರೆದಿಟ್ಟ ಒಂದು ನೋಟ್‌ಬುಕ್ ಹೊರಗಿನವರು ಕಟ್ಟಿದ ಹತ್ತು ಮ್ಯಾಪಿಗಿಂತ ಗಟ್ಟಿ ಸಾಕ್ಷಿ ಅಂತ ನನ್ನ ನಂಬಿಕೆ.

ಇನ್ನು ಕೆರೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದು.

ಶಿರಾಳಕೊಪ್ಪದ ಹತ್ತಿರವೇ ತಾಳಗುಂದ. ಕದಂಬ ಶಾಂತಿವರ್ಮನ ಕಾಲದ, ಅಂದರೆ 5ನೇ ಶತಮಾನದ ಸ್ತಂಭ ಶಾಸನ ಅಲ್ಲಿದೆ. ಮಯೂರಶರ್ಮನ ಕಥೆಗಾಗಿ ಅದನ್ನು ಶಾಲೆಯಲ್ಲಿ ಓದಿರುತ್ತೀರಿ. ಆ ಶಾಸನ ಹುಟ್ಟಿದ್ದೇ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಹತ್ತಿರ ಕೆರೆ ಕಟ್ಟಿಸಿದ್ದನ್ನು ಹೇಳೋಕೆ ಅನ್ನೋದನ್ನ ಮಾತ್ರ ನಮಗೆ ಯಾರೂ ಒತ್ತಿ ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೊಂದು ಕಂಪ್ಲೀಷನ್ ರಿಪೋರ್ಟ್. ಅಲ್ಲಿಂದ ಹದಿನೈದು ಶತಮಾನ ಈ ಸೀಮೆಯ ಜನ ಕೆರೆ ಕಟ್ಟುತ್ತಲೇ ಬಂದಿದ್ದಾರೆ. ಇವತ್ತು ಎರಡೂ ತಾಲ್ಲೂಕು ಸೇರಿ ನೂರಾರು ಕೆರೆ. ಒಂದರ ಕೋಡಿ ನೀರು ಕೆಳಗಿನದಕ್ಕೆ, ಅದರದ್ದು ಇನ್ನೂ ಕೆಳಗಿನದಕ್ಕೆ, ಕೊನೆಗೆ ಕುಮುದ್ವತಿಗೋ ದಂಡಾವತಿಗೋ ವರದೆಗೋ.

ಮಳೆ ನಿಧಾನವಾಗಿ ಬಂದ ಕಾಲಕ್ಕೆ ಇದು ಅದ್ಭುತ ವ್ಯವಸ್ಥೆ. ತಿಂಗಳ ಮಳೆ ಎರಡು ದಿನದಲ್ಲಿ ಬಂದರೆ ಇದೇ ಸರಪಳಿ ಅಪಾಯ. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆಗೆ ಹೋಗೋದು ಅದರ ಕೋಡಿ ತಡೆಯಬಲ್ಲ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು. ಎಂ.ಕೆ. ರಾಕ್ಸಿ ಮತ್ತು ಸಂಗಡಿಗರ 2017ರ ಅಧ್ಯಯನ ಮಧ್ಯ ಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿ ಭಾರಿ ಮಳೆಯ ಪ್ರಸಂಗಗಳು 1950ರಿಂದ 2015ರೊಳಗೆ ಮೂರು ಪಟ್ಟಾದವು ಅಂತ ತೋರಿಸಿತ್ತು. ಅದನ್ನು ಹಾಗೇ ತಂದು ನಮ್ಮ ಮಲೆನಾಡಿನ ಅಂಚಿಗೆ ಅಂಟಿಸೋದು ತಪ್ಪು, ಆದರೆ 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಗದ್ದೆಗಳ ಮೇಲೆ ನಿಂತದ್ದನ್ನು ಕಂಡವರಿಗೆ ಪ್ರಶ್ನೆ ಅರ್ಥವಾಗುತ್ತದೆ.

ಈಗ ಹೊಸದೊಂದು ಸೇರಿದೆ. ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿ, ತುಂಗಭದ್ರೆಯಿಂದ ನೀರೆತ್ತಿ ಶಿಕಾರಿಪುರ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆ. ಬರಕ್ಕೆ ಇದು ದೊಡ್ಡ ಆಸರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಂಜಿನಿಯರಿಂಗ್ ಓದುವವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಪಂಪಿನಿಂದ ಜುಲೈನಲ್ಲೇ ತುಂಬಿ ನಿಂತ ಕೆರೆಗೆ ಆಗಸ್ಟ್‌ನ ದೊಡ್ಡ ಮಳೆ ಬಂದರೆ ಅದನ್ನು ಹಿಡಿದಿಡಲು ಜಾಗ ಎಲ್ಲಿ? ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತಿದ್ದ ಮಣ್ಣಿನ ಏರಿ ಈಗ ವರ್ಷದ ಹೆಚ್ಚು ಕಾಲ ನೆನೆದೇ ಇದ್ದರೆ ಒಳಗೆ ಜಿನುಗು ಏನಾಗುತ್ತೆ? ಏಡಿ-ಇಲಿಗಳ ಬಿಲ, ಏರಿ ಮೇಲೆ ಬೆಳೆದ ಮರದ ಬೇರು, ಇವುಗಳ ಮೂಲಕ ಸೋರಿಕೆ ಶುರುವಾದರೆ ಮೊದಲು ಗೊತ್ತಾಗೋದು ಯಾರಿಗೆ? ಬರಕ್ಕೆ ಮಾಡಿದ ಪರಿಹಾರ ನೆರೆಯ ಲೆಕ್ಕವನ್ನು ಬದಲಿಸುತ್ತದೆ. ಬದಲಿಸಿದ್ದು ಒಳ್ಳೆಯದಕ್ಕೋ ಕೆಟ್ಟದಕ್ಕೋ ಅನ್ನೋದು ಕೆರೆಯ ನೀರಿನ ಮಟ್ಟವನ್ನು ದಿನಾ ಬರೆದಿಟ್ಟರೆ ಮಾತ್ರ ಗೊತ್ತಾಗೋದು. ಇದರ ಜತೆಗೆ ಕಚೇರಿಗಳ ಹಂಚಿಕೆ ಬೇರೆ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ರಾಜ್‌ನವರದ್ದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದ್ದು. ನೀರಿಗೆ ಈ ಗಡಿ ಗೊತ್ತಿಲ್ಲ. ಮೇಲಿನ ಸಣ್ಣ ಕೆರೆಯ ನೀರು ಕೆಳಗಿನ ದೊಡ್ಡ ಕೆರೆಗೇ ಬರೋದು.

ಇಲ್ಲಿ ಒಬ್ಬರು ಎದ್ದು, "ಗುರೂ, ಬೆಂಗಳೂರಲ್ಲಿ ಕೋಟಿಗಟ್ಟಲೆ ಜನ ಇದ್ದಾರೆ, ಸಂಶೋಧನೆ ಅಲ್ಲೇ ಆಗಬೇಕಲ್ವಾ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಜನ ಹೆಚ್ಚಿರುವಲ್ಲಿ ಹೆಚ್ಚು ಕೆಲಸ ಆಗೋದು ಸರಿಯೇ. ಆದರೆ ಬೆಳ್ಳಂದೂರು-ವರ್ತೂರಿನ ಪ್ರವಾಹ ಅಂದರೇನು? ಅದೂ ಕೆರೆ ಸರಪಳಿಯದ್ದೇ ಪ್ರವಾಹ. ಕಾಲುವೆ ಮುಚ್ಚಿ, ಕೆರೆ ಅಂಗಳದಲ್ಲಿ ಮನೆ ಕಟ್ಟಿದ ಸರಪಳಿ. ಸರಪಳಿ ಬದುಕಿದ್ದಾಗ ಹೇಗೆ ಕೆಲಸ ಮಾಡುತ್ತಿತ್ತು, ಮೇಲಿನ ಕೆರೆ ತುಂಬಿದ ಎಷ್ಟು ಗಂಟೆಗೆ ಕೆಳಗಿನದು ತುಂಬುತ್ತದೆ, ತೂಬು ಎತ್ತಿದರೆ ಮಟ್ಟ ಎಷ್ಟು ಬೇಗ ಇಳಿಯುತ್ತದೆ, ಇದೆಲ್ಲ ನೋಡಬೇಕಾದರೆ ಬೆಂಗಳೂರಿನಲ್ಲಿ ಸರಪಳಿ ಪೂರ್ತಿ ಉಳಿದಿಲ್ಲ. ತೊಗರ್ಸಿ ಕಡೆ ಉಳಿದಿದೆ. ನಗರದ ಪ್ರವಾಹ ಅರ್ಥವಾಗಬೇಕಾದವರೂ ಹಳ್ಳಿಗೇ ಬರಬೇಕು.

ಈ ಸೀಮೆಗೆ ಸಂಶೋಧನೆ ಹೊಸದೇನೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಜನರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳ್ಳಿಯ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕ ಸೇರಿತು, ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. 1969ರಲ್ಲೇ ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ ಕಾಡು ಕಡಿದದ್ದು, ಅಲ್ಲಿ ದನ ಮೇಯಿಸಿದ್ದು, ಉಣುಗು ಹೆಚ್ಚಿದ್ದು ಇವುಗಳ ಸಂಬಂಧವನ್ನು ಬರೆದಿದ್ದರು. ಕಾಡಿನಲ್ಲಿ ಓಡಾಡುವ ಜನರ ಕಣ್ಣಿಗೆ ಬೀಳುವ ಸತ್ತ ಮಂಗವೇ ಇವತ್ತಿಗೂ ಆ ಕಾಯಿಲೆಯ ಮುನ್ಸೂಚನೆ. ಕೆರೆಗೂ ಹಾಗೇ. ಏರಿಯ ಹಿಂಬದಿ ಒದ್ದೆಯಾದದ್ದನ್ನು ಮೊದಲು ನೋಡೋದು ದನ ಹೊಡೆದುಕೊಂಡು ಹೋಗುವವರು. ಸೆನ್ಸರ್ ಹಾಕುವ ಉತ್ಸಾಹದಲ್ಲಿ ಅವರನ್ನು ಮಾತಾಡಿಸದೆ ಬಂದರೆ ಅರ್ಧ ಡೇಟಾ ಬಿಟ್ಟು ಬಂದಂತೆ. ನೀರುಗಂಟಿ ಕೆಲಸ ಮಾಡಿದ ಹಿರಿಯರು ಎಲ್ಲಾದರೂ ಇದ್ದರೆ ಮೊದಲ ದಿನ ಅವರ ಜಗುಲಿಯಲ್ಲೇ ಕೂತುಬಿಡಿ.

ಹಾಗಾದರೆ ಏನು ಮಾಡೋದು? ಕಂಪ್ಯೂಟರ್ ಸೈನ್ಸ್‌ನವರಿಗೆ ಅತಿ ಸುಲಭದ್ದು ಇದೆ. ಪಂಚಾಯಿತಿ ಮಟ್ಟದ ಮುನ್ಸೂಚನೆಯನ್ನು ಒಂದು ಮಳೆಗಾಲ ದಿನಾ ಸಂಗ್ರಹಿಸಿ, ಅದೇ ಪಂಚಾಯಿತಿಯ ಮಳೆಮಾಪಕದ ಲೆಕ್ಕದ ಜತೆ ಇಡಿ. ಎಷ್ಟು ಹಿಟ್, ಎಷ್ಟು ಮಿಸ್, ಎಷ್ಟು ಫಾಲ್ಸ್ ಅಲಾರಂ? ಅಡಿಕೆಗೆ ಬೋರ್ಡೋ ಹೊಡೆಯೋಕೆ ಬೇಕಾದದ್ದು ಕೆಲವು ಗಂಟೆಗಳ ಒಣ ಹವೆ. 'ನಾಳೆ ಮಳೆಯಿಲ್ಲ' ಅಂದ ದಿನಗಳಲ್ಲಿ ಎಷ್ಟು ದಿನ ನಿಜವಾಗಿ ಮಳೆಯಿರಲಿಲ್ಲ ಅನ್ನೋ ಒಂದೇ ಸಂಖ್ಯೆ ಬೆಳೆಗಾರರಿಗೆ ನಮ್ಮ ಎಷ್ಟೋ ಡ್ಯಾಶ್‌ಬೋರ್ಡ್‌ಗಳಿಗಿಂತ ಉಪಯೋಗ.

ಸಿವಿಲ್‌ನವರು ಮೂರು ಕೆರೆ ಆರಿಸಿಕೊಳ್ಳಿ, ಒಂದೇ ಸರಪಳಿಯವು. ತೂಬಿನ ಕಲ್ಲಿಗೆ ಸೆಂಟಿಮೀಟರ್ ಗುರುತು ಬಳಿಯಿರಿ, ಪಂಚಾಯಿತಿಯ ಒಪ್ಪಿಗೆ ತಗೊಂಡೇ. ಊರಿನ ಹೈಸ್ಕೂಲ್ ಮಕ್ಕಳು ದಿನಾ ಬೆಳಿಗ್ಗೆ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುತ್ತಾರೆ, ನಮಗಿಂತ ಶಿಸ್ತಿನಿಂದ ಮಾಡುತ್ತಾರೆ. ಉಪಗ್ರಹ ಬೇಕೇ ಬೇಕು ಅನ್ನೋರಿಗೆ ಒಂದು ಕಿವಿಮಾತು. ಸೆಂಟಿನೆಲ್-2ರ 10 ಮೀಟರ್ ಚಿತ್ರ ಚೆನ್ನಾಗಿರುತ್ತೆ, ಆದರೆ ಜುಲೈನಲ್ಲಿ ನಿಮಗೆ ಸಿಗೋದು ಮೋಡದ ಫೋಟೋ. ಸೆಂಟಿನೆಲ್-1ರ ರೇಡಾರ್ ಮೋಡ ದಾಟಿ ನೀರು ನೋಡುತ್ತೆ. ಎರಡೂ ಉಚಿತ. ಖರ್ಚಿಗೆ ಸ್ವಲ್ಪ ಹಣ ಬೇಕಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂಗೆ ಅರ್ಜಿ ಹಾಕಬಹುದು.

ತೊಡಕು ಇರೋದು ನಮ್ಮ ಕ್ಯಾಲೆಂಡರ್‌ನಲ್ಲಿ. ಪ್ರಾಜೆಕ್ಟ್ ನಿಜವಾಗಿ ಬಿಸಿಯೇರೋದು ಎಂಟನೇ ಸೆಮ್‌ನಲ್ಲಿ, ಅಂದರೆ ಫೆಬ್ರವರಿಯಿಂದ ಮೇ. ಆ ನಾಲ್ಕು ತಿಂಗಳಲ್ಲಿ ಮುಂಗಾರೂ ಇಲ್ಲ, ನೆರೆಯೂ ಇಲ್ಲ. ರೆಡಿಮೇಡ್ ಡೇಟಾದ ಬೆಂಗಳೂರಿಗೆ ಎಲ್ಲರೂ ಓಡೋದಕ್ಕೆ ಅರ್ಧ ಕಾರಣ ಇದೇ ಇರಬೇಕು. ಹಾಗಾಗಿ ಟೈಟಲ್‌ಗಾಗಿ ಏಳನೇ ಸೆಮ್‌ವರೆಗೆ ಕಾಯಬೇಡಿ. ಈಗ ಆರನೇ ಸೆಮ್‌ನಲ್ಲಿ ಇರುವವರು ಗೈಡ್‌ನ ಈಗಲೇ ಮಾತಾಡಿಸಿ, ಮೇ ತಿಂಗಳೊಳಗೆ ಒಂದು ಸಲ ಹೋಗಿಬನ್ನಿ. ಕೆರೆಯಲ್ಲಿ ನೀರು ಕಡಿಮೆ ಇರುವಾಗಲೇ ಅಂಗಳಕ್ಕಿಳಿದು ಲೆವೆಲ್ ತಗೊಳ್ಳಬೇಕು, ತೂಬಿನ ಬುಡದವರೆಗೆ ಗುರುತು ಬಳಿಯಬೇಕು. ಜೂನ್ ಎರಡನೇ ವಾರ ದಾಟಿದರೆ ಬಣ್ಣ ಒಣಗಲ್ಲ.